ರಾಜಕಾಲುವೆ ಪಕ್ಕದ ಬೀದಿಗಳನ್ನು ಮಳೆಗೆ ಮೊದಲೇ ಸಜ್ಜು ಮಾಡಿ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ, ಮತ್ತು ಮೋಡ ಕಟ್ಟಿದರೆ ನಿದ್ದೆ ಬಾರದ ನನ್ನ ನೆರೆಹೊರೆಯವರಿಗೆ,

ನಮಸ್ಕಾರ.

ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಶಾಲೆ ಇರುವುದು ಕೋರಮಂಗಲ ಕಣಿವೆಯ ತಗ್ಗಿನಲ್ಲಿ. ನನ್ನ ಹತ್ತಿರ ಓದಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ರಾಜಕಾಲುವೆ ಪಕ್ಕದ ಬೀದಿಗಳವರು. ಅವರ ಪರವಾಗಿ ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಒಡಿಶಾದ ಕಡಲ ತೀರದ ಹಳ್ಳಿಗಳನ್ನು ಸುನಾಮಿಗೆ ಸಜ್ಜು ಮಾಡಿದ ಹಾಗೆ, ಬೆಂಗಳೂರಿನ ತಗ್ಗು ಬೀದಿಗಳನ್ನು ಮಳೆ ನೀರಿಗೆ ಸಜ್ಜು ಮಾಡಿ.

ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಊರಿಗೂ ಸುನಾಮಿಗೂ ಎಲ್ಲಿಯ ನಂಟು ಅಂತ ನೀವು ಕೇಳಬಹುದು. ಹೇಳುತ್ತೇನೆ.

ಒಡಿಶಾದಲ್ಲಿ ವೆಂಕಟ್ರಾಯಪುರ, ನೋಲಿಯಾಸಾಹಿ ಅಂತ ಎರಡು ಹಳ್ಳಿಗಳಿವೆ. 2020ರ ಆಗಸ್ಟ್‌ನಲ್ಲಿ ಯುನೆಸ್ಕೋ ಇವೆರಡನ್ನೂ ಸುನಾಮಿಗೆ ಸಜ್ಜಾದ ಊರುಗಳು ಅಂತ ಗುರುತಿಸಿತು. 2024ರ ಹೊತ್ತಿಗೆ ಆ ರಾಜ್ಯದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಈ ಪಟ್ಟಿಗೆ ಸೇರಿದವು. ಈ ಮಾನ್ಯತೆಗೆ ಸಮುದ್ರಕ್ಕೆ ಅಡ್ಡ ಗೋಡೆ ಕಟ್ಟಬೇಕಾಗಿಲ್ಲ. ಕೇಳುವುದೆಲ್ಲ ಸಾಮಾನ್ಯ ಸಂಗತಿಗಳೇ. ನೀರು ಎಲ್ಲಿಯವರೆಗೆ ಬರಬಹುದು ಅನ್ನುವ ನಕ್ಷೆ ಇರಬೇಕು. ಆ ಗೆರೆಯೊಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸಿರಬೇಕು. ಯಾವ ದಾರಿಯಲ್ಲಿ ಓಡಬೇಕು ಅಂತ ಬೀದಿಯಲ್ಲಿ ಫಲಕ ಹಾಕಿರಬೇಕು. ಹಗಲು ರಾತ್ರಿ ಯಾವಾಗ ಎಚ್ಚರಿಕೆ ಬಂದರೂ ಅದನ್ನು ಪಡೆಯುವವರು, ಮನೆಮನೆಗೆ ಮುಟ್ಟಿಸುವವರು ಇರಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಊರೆಲ್ಲ ಸೇರಿ ಮಾಕ್ ಡ್ರಿಲ್ ಮಾಡಬೇಕು. ಈಗಿನ ಲೆಕ್ಕದಲ್ಲಿ ಇಂಥ 12 ಮಾನದಂಡಗಳಿವೆ.

ಇಷ್ಟೆಲ್ಲ ಯಾಕೆ ಬೇಕಾಯಿತು ಅನ್ನುವುದಕ್ಕೆ 2004ರ ಡಿಸೆಂಬರ್ 26 ನೆನಪಿಸಿಕೊಂಡರೆ ಸಾಕು. ಸುಮಾತ್ರಾ ಬಳಿ ಭೂಮಿ ನಡುಗಿದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆ ಹೊತ್ತಿಗೆ. ತಮಿಳುನಾಡಿನ ದಡಕ್ಕೆ ಅಲೆ ಬಂದಿದ್ದು ಎರಡು ಗಂಟೆಗೂ ಜಾಸ್ತಿ ಕಳೆದ ಮೇಲೆ. ಎರಡು ಗಂಟೆಯಲ್ಲಿ ಮನುಷ್ಯ ನಡೆದುಕೊಂಡೇ ಎಷ್ಟು ದೂರ ಹೋಗಬಹುದು, ಯೋಚಿಸಿ. ಆದರೂ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಅಲೆ ಹೊರಟಿದೆ ಅಂತ ಅವರಿಗೆ ಹೇಳುವ ಏರ್ಪಾಡೇ ಇರಲಿಲ್ಲ. 2007ರಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಗಿದ್ದು ಆ ಸಾವುಗಳಾದ ಮೇಲೆ.

ಅದೇ ದಿನ ಇನ್ನೊಂದು ಕಡೆ ಆಗಿದ್ದನ್ನೂ ನೋಡಿ. ಇಂಡೋನೇಷ್ಯಾದ ಸಿಮೆಲೂ ದ್ವೀಪ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇತ್ತು. ಅಲ್ಲಿಗೆ ಅಲೆ ಬರುವುದಕ್ಕೆ ಕೆಲವೇ ನಿಮಿಷ ಸಾಕಾಯಿತು. ಸೈರನ್ ಇಲ್ಲ, ಮೆಸೇಜ್ ಇಲ್ಲ. ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. 1907ರಲ್ಲಿ ಆ ದ್ವೀಪಕ್ಕೆ ಒಂದು ದೊಡ್ಡ ಸುನಾಮಿ ಬಡಿದಿತ್ತು. ಅವತ್ತಿನಿಂದ ಹಿರಿಯರು ಮಕ್ಕಳಿಗೆ ಕಥೆಯಲ್ಲಿ, ಜೋಗುಳದಲ್ಲಿ ಒಂದೇ ಮಾತು ಹೇಳಿಕೊಡುತ್ತಾ ಬಂದಿದ್ದರು. ಭೂಮಿ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ ಏನನ್ನೂ ಹೊತ್ತುಕೊಳ್ಳಬೇಡ, ಗುಡ್ಡ ಹತ್ತು. ತೊಂಬತ್ತೇಳು ವರ್ಷ ಆದ ಮೇಲೂ ಆ ಮಾತು ಕೆಲಸಕ್ಕೆ ಬಂತು. ಶಾಲೆಯಲ್ಲಿ ಇದನ್ನು ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಈಗ ನಮ್ಮ ಬೀದಿಗೆ ಬನ್ನಿ.

ನಮ್ಮಲ್ಲಿ ನೀರು ಮೊದಲು ಬಾಗಿಲಿನಿಂದ ಬರುವುದಿಲ್ಲ. ಬಚ್ಚಲಿನ ತೂತಿನಿಂದ ಬರುತ್ತದೆ. ಮೊದಲು ಗುಳುಗುಳು ಸದ್ದು. ಆಮೇಲೆ ಮೋರಿ ವಾಸನೆ. ಆಮೇಲೆ ಕಪ್ಪು ನೀರು ಉಕ್ಕುತ್ತದೆ. ಹೊಸ್ತಿಲಿಗೆ ಎರಡು ಸಾಲು ಇಟ್ಟಿಗೆ ಏರಿಸಿ ಸಿಮೆಂಟ್ ಮಾಡಿಸಿಕೊಂಡವರ ಮನೆಯಲ್ಲೂ ಇದೇ ಕಥೆ. ಹೆಂಗಸರು ತೂತಿಗೆ ಹಳೇ ಬಟ್ಟೆ ತುರುಕಿ ಅದರ ಮೇಲೆ ರುಬ್ಬುಗುಂಡು ಇಡುತ್ತಾರೆ. ಗ್ಯಾಸ್ ಸಿಲಿಂಡರನ್ನು ಮಂಚದ ಮೇಲೆ ಎತ್ತುತ್ತಾರೆ. ಅಕ್ಕಿ ಡಬ್ಬ ಅಟ್ಟಕ್ಕೆ ಹೋಗುತ್ತದೆ. ರೇಷನ್ ಕಾರ್ಡು, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದು ಮೇಲೇ ಇರುತ್ತದೆ, ಮಳೆಗಾಲವಿಡೀ ಕೆಳಗೆ ಇಳಿಸುವುದಿಲ್ಲ. ಸಂಪಿನ ಮುಚ್ಚಳದ ಸುತ್ತ ಗೋಣಿಚೀಲ ಒತ್ತುತ್ತಾರೆ. ಸಂಪಿಗೆ ಕೊಳಚೆ ನುಗ್ಗಿತು ಅಂದರೆ ಕುಡಿಯುವ ನೀರಿಗೆ ವಾರಗಟ್ಟಲೆ ಪರದಾಟ.

ಈ ಕೆಲಸಕ್ಕೆಲ್ಲ ಅರ್ಧ ಗಂಟೆ ಸಾಕು. ಆದರೆ ಆ ಅರ್ಧ ಗಂಟೆ ಮೊದಲು ಯಾರೂ ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಜಾಸ್ತಿ ಬರುವುದು ಸಂಜೆ ಹೊತ್ತಿಗೆ. ಆಗ ಅಮ್ಮ ಗಾರ್ಮೆಂಟ್ಸ್‌ನಲ್ಲೋ, ಅಪಾರ್ಟ್‌ಮೆಂಟಿನ ಮನೆಗೆಲಸದಲ್ಲೋ ಇರುತ್ತಾಳೆ. ಅಪ್ಪ ಆಟೋ ಓಡಿಸುತ್ತಿರುತ್ತಾನೆ. ಮನೆಯಲ್ಲಿ ಇರುವುದು ಅಜ್ಜಿ ಮತ್ತು ಸಣ್ಣ ಮಕ್ಕಳು. ಸಿಲಿಂಡರ್ ಎತ್ತುವವರು ಯಾರು?

ಮಾಹಿತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮ ಯಲಹಂಕದಲ್ಲೇ ಇದೆ. ನಗರದ ತುಂಬ ಮಳೆ ಮಾಪಕಗಳಿವೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ. ‘ಮೇಘ ಸಂದೇಶ’ ಆ್ಯಪ್ ಇದೆ, ‘ವರುಣ ಮಿತ್ರ’ ಸಹಾಯವಾಣಿ ಇದೆ. 2023ರ ಅಕ್ಟೋಬರ್‌ನಲ್ಲಿ ಪರೀಕ್ಷೆಗೆ ಅಂತ ಎಲ್ಲರ ಮೊಬೈಲೂ ಒಟ್ಟಿಗೆ ಕೂಗಿದ್ದು ನಿಮಗೂ ನೆನಪಿರಬೇಕು. ಇದನ್ನೆಲ್ಲ ಕಟ್ಟಿದ ವಿಜ್ಞಾನಿಗಳಿಗೆ ನಾನು ಕೈ ಮುಗಿಯುತ್ತೇನೆ. ಆದರೆ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಮೆಸೇಜ್ ಬಂದರೂ ಅದರಲ್ಲಿ ‘ಬೆಂಗಳೂರಿನಲ್ಲಿ ಭಾರಿ ಮಳೆ ಸಾಧ್ಯತೆ’ ಅಂತ ಇರುತ್ತದೆ. ನಮ್ಮ ಬೀದಿಗೆ ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ, ಆಗ ನಾವು ಏನು ಮಾಡಬೇಕು? ಅದನ್ನು ಹೇಳುವವರಿಲ್ಲ.

ಇನ್ನೊಂದು ವಿಷಯ. ಬೆಂಗಳೂರಿನ ಮಳೆಯಲ್ಲಿ ಸಾಯುವವರು ಹೆಚ್ಚಾಗಿ ಮುಳುಗಿ ಸಾಯುವುದಿಲ್ಲ. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆ ಕಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪ್ ಹಾಕಿ ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಹೋದರು. ಒಬ್ಬರು ಅರವತ್ತು ದಾಟಿದವರು, ಇನ್ನೊಬ್ಬ 12 ವರ್ಷದ ಹುಡುಗ. ಅದೇ ಮಳೆಗೆ ಮಹದೇವಪುರದ ಕಡೆ ಕಾಂಪೌಂಡ್ ಗೋಡೆ ಬಿದ್ದು ಕೆಲಸಕ್ಕೆ ಹೊರಟಿದ್ದ ಹೆಣ್ಣುಮಗಳು ಸತ್ತಳು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ಪ್ರಾಣ ಬಿಟ್ಟಳು. ಅದು ವಿಧಾನಸೌಧದಿಂದ ಕೂಗಳತೆ ದೂರ. ಕರೆಂಟು, ಗೋಡೆ, ಅಂಡರ್‌ಪಾಸ್. ಮೇನ್ ಸ್ವಿಚ್ ಆಫ್ ಮಾಡಿ, ನೆಲಮಾಳಿಗೆಗೆ ಇಳಿಯಬೇಡಿ, ಗೋಡೆ ಪಕ್ಕ ನಿಲ್ಲಬೇಡಿ, ಅಂಡರ್‌ಪಾಸ್‌ಗೆ ಗಾಡಿ ಇಳಿಸಬೇಡಿ. ಇಷ್ಟನ್ನು ಮೂರನೇ ಕ್ಲಾಸಿನ ಮಗುವೂ ಬಾಯಿಪಾಠ ಹೇಳುವಂತೆ ಮಾಡಬಹುದು. ಸಿಮೆಲೂ ದ್ವೀಪದ ಹಿರಿಯರು ಮಾಡಿದ್ದು ಇಷ್ಟೇ ಅಲ್ವಾ?

ಬೆಂಗಳೂರಿಗೆ ದೊಡ್ಡ ನದಿ ಇಲ್ಲ, ಆದರೆ ನೀರಿಗೆ ಅದರದ್ದೇ ದಾರಿ ಇದೆ. ಊರು ಕೂತಿರುವುದು ದಿಣ್ಣೆಯ ಮೇಲೆ. ಅಲ್ಲಿಂದ ಮಳೆ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ. ವೃಷಭಾವತಿಯ ನೀರು ಅರ್ಕಾವತಿ ಸೇರಿ ಕಾವೇರಿಗೆ. ಹಿಂದಿನವರು ಈ ಇಳಿಜಾರಿಗೆ ಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತಿತ್ತು. ಈಗ ಎಷ್ಟೋ ಕೆರೆಗಳೇ ಇಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಉಳಿದ ಕಾಲುವೆಗಳಲ್ಲಿ ಬೇಸಿಗೆಯಲ್ಲೂ ಒಳಚರಂಡಿ ನೀರು ಹರಿಯುತ್ತಿರುತ್ತದೆ. ಹಾಗಾಗಿ ಮಳೆ ನೀರಿಗೆ ಜಾಗವೇ ಉಳಿದಿರುವುದಿಲ್ಲ. ಹಿಂದಕ್ಕೆ ಒತ್ತಿದ ನೀರು ನಮ್ಮ ಬಚ್ಚಲಿಗೆ ಬರುತ್ತದೆ.

ಹೂಳು ತೆಗೆಯಬೇಕು, ಒತ್ತುವರಿ ತೆರವಾಗಬೇಕು, ಕೊಳಚೆ ನೀರಿಗೆ ಬೇರೆ ದಾರಿ ಆಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸುಮಾರು 860 ಕಿ.ಮೀ. ರಾಜಕಾಲುವೆಯ ಕೆಲಸ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ನೀರು ನಿಲ್ಲುವ 210 ಜಾಗಗಳಲ್ಲಿ 166 ಕಡೆ ಕೆಲಸ ಮುಗಿದಿದೆ ಅಂತ 2025ರ ಮೇ ತಿಂಗಳಲ್ಲಿ ಸರ್ಕಾರ ಹೇಳಿತು. ಅದೇ ದಿನಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಮುಳುಗಿತು. ಅಲ್ಲಿ ರೈಲು ಹಳಿಯ ಕೆಳಗೆ ನೀರು ದಾಟುವ ಕಿಂಡಿ ಚಿಕ್ಕದು. ಕಿಂಡಿ ದೊಡ್ಡದಾಗುವವರೆಗೂ ಅಲ್ಲಿನ ಜನ ಬದುಕಬೇಕಲ್ಲ? ಕಾಮಗಾರಿ ಮುಗಿಯುವ ತನಕದ ಮಳೆಗಾಲಗಳಿಗೆ ಒಂದು ಏರ್ಪಾಡು ಬೇಕು. ನಾನು ಕೇಳುತ್ತಿರುವುದು ಅದನ್ನು.

ಮೊದಲು ನಕ್ಷೆ. ಅದನ್ನು ಕಚೇರಿಯಲ್ಲಿ ಕೂತು ಮಾಡಬೇಡಿ. ಬೀದಿಯಲ್ಲಿ ಚಾಪೆ ಹಾಸಿ, ಹೆಂಗಸರನ್ನು ಕೂರಿಸಿಕೊಂಡು ಮಾಡಿ. ಯಾವ ಮನೆಗೆ ಮೊದಲು ನೀರು ಬರುತ್ತದೆ, ಯಾವ ಗೋಡೆಯಲ್ಲಿ ಹೋದ ಸಲದ ಕಲೆ ಇದೆ, ಯಾವ ಕಂಬ ಮುಟ್ಟಿದರೆ ಜುಮ್ ಅನ್ನುತ್ತದೆ, ಎಲ್ಲ ಅವರಿಗೆ ಗೊತ್ತು. ಹಾಸಿಗೆ ಹಿಡಿದವರು, ಗಾಲಿಕುರ್ಚಿಯವರು, ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು ಯಾವ ಮನೆಯಲ್ಲಿದ್ದಾರೆ ಅಂತ ಅದೇ ನಕ್ಷೆಯಲ್ಲಿ ಗುರುತು ಹಾಕಿ. ಅಂಥವರನ್ನು ಎತ್ತಿಕೊಂಡು ಹೋಗುವ ಹುಡುಗರು ಯಾರು ಅಂತ ಮೊದಲೇ ನಿಗದಿ ಮಾಡಿ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕೆರೆಯ ತೂಬು, ಕಾಲುವೆ ನೋಡಿಕೊಳ್ಳುವುದಕ್ಕೆ ಹಳ್ಳಿಗಳಲ್ಲಿ ನೀರುಗಂಟಿ ಇರುತ್ತಿದ್ದ. ಅವನಿಗೆ ಊರು ಬೆಳೆಯಲ್ಲಿ ಪಾಲು ಕೊಡುತ್ತಿತ್ತು. ಪ್ರತಿ ತಗ್ಗು ಬೀದಿಗೂ ಅಂಥ ಇಬ್ಬರು ನೀರುಗಂಟಿಗಳನ್ನು ನೇಮಿಸಿ. ಒಬ್ಬರು ಹೆಂಗಸಾಗಿರಲಿ. ಆ ಬೀದಿಯವರೇ ಆಗಿರಲಿ. ಉಸ್ತುವಾರಿ ಕೇಂದ್ರದಿಂದ ಅವರ ಫೋನಿಗೆ ನೇರವಾಗಿ ಕರೆ ಬರಲಿ, ಅವರ ಕೈಯಲ್ಲಿ ಒಂದು ಸೈರನ್, ಒಂದು ಮೈಕ್ ಇರಲಿ. ರಾಜಕಾಲುವೆಯ ಗೋಡೆಗೆ ಹಸಿರು, ಹಳದಿ, ಕೆಂಪು ಪಟ್ಟಿ ಬಳಿಯಿರಿ. ನೀರು ಹಳದಿ ಮುಟ್ಟಿದರೆ ಸಾಮಾನು ಮೇಲೆತ್ತಬೇಕು, ಕೆಂಪು ಮುಟ್ಟಿದರೆ ಮನೆ ಬಿಡಬೇಕು. ಓದು ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಗುಡಿ, ಮಸೀದಿ, ಚರ್ಚಿನ ಮೈಕುಗಳಿಂದಲೂ ಸುದ್ದಿ ಹೇಳಿಸಬಹುದು, ಯಾರೂ ಇಲ್ಲ ಅನ್ನುವುದಿಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಈ ಕೆಲಸವನ್ನು ಸುಮ್ನೆ ಆಶಾ ಕಾರ್ಯಕರ್ತೆಯರ, ಪೌರಕಾರ್ಮಿಕರ ತಲೆಗೆ ಕಟ್ಟಬೇಡಿ. ಅವರಿಗೆ ಈಗಿರುವ ಹೊರೆಯೇ ಜಾಸ್ತಿ. ನೀರುಗಂಟಿಗೆ ತಿಂಗಳಿಗೆ ಇಷ್ಟು ಅಂತ ಸಂಬಳ ಕೊಡಿ.

ಆಮೇಲೆ, ಹೋಗುವುದು ಎಲ್ಲಿಗೆ? ಸಾಮಾನ್ಯವಾಗಿ ಶಾಲೆ ಅಂತ ಬರೆದಿರುತ್ತಾರೆ. ಒಂದು ರಾತ್ರಿ ನಮ್ಮ ಬೀದಿಯವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದು ಸರ್ಕಾರಿ ಕಟ್ಟಡದ ಮುಂದೆ ನಿಂತಿದ್ದರು. ಗೇಟಿಗೆ ಬೀಗ. ಕೀಲಿ ಇದ್ದವರ ಮನೆ ಊರಿನ ಇನ್ನೊಂದು ತುದಿಯಲ್ಲಿ. ಅವರೂ ಮಳೆಗೆ ಸಿಕ್ಕಿಕೊಂಡಿದ್ದರು. ಕೀಲಿಯ ಒಂದು ಜೊತೆ ಬೀದಿಯಲ್ಲೇ, ಗೇಟಿನಿಂದ ಐದು ನಿಮಿಷದ ದೂರದಲ್ಲಿ ಇರಬೇಕು. ಒಳಗೆ ಕುಡಿಯುವ ನೀರು, ಹೆಂಗಸರಿಗೆ ಬಾಗಿಲಿರುವ ಶೌಚಾಲಯ, ಬ್ಯಾಟರಿ ದೀಪ ಬೇಕು. ಆ ಶಾಲೆಯೇ ತಗ್ಗಿನಲ್ಲಿದ್ದರೆ ಬೇರೆ ಜಾಗ ಹುಡುಕಿ. ಕಲ್ಯಾಣ ಮಂಟಪಗಳಿಗೇನು ಬರವೇ ನಮ್ಮೂರಲ್ಲಿ?

ಬೆಸ್ಕಾಂ ಜೊತೆ ಕೂತು ಮಾತಾಡಿ. ತಗ್ಗು ಮನೆಗಳ ಮೀಟರ್ ಬೋರ್ಡು ಎದೆಮಟ್ಟಕ್ಕಿಂತ ಮೇಲೆ ಹೋಗಬೇಕು. ನೀರು ಕೆಂಪು ಪಟ್ಟಿ ಮುಟ್ಟಿದ ತಕ್ಷಣ ಆ ಬೀದಿಯ ಕರೆಂಟ್ ತೆಗೆಯುವಂತಿರಬೇಕು. ಬಚ್ಚಲ ಪೈಪಿಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಸಿಗುತ್ತದೆ. ಅದನ್ನು ಹಾಕಿಸಿಕೊಡಿ. ಕೋಟಿಗಟ್ಟಲೆ ಕಾಮಗಾರಿಯ ಮುಂದೆ ಇದು ಏನೂ ಅಲ್ಲ, ಆದರೆ ರುಬ್ಬುಗುಂಡು ಎತ್ತುವ ಅಜ್ಜಿಗೆ ಇದೇ ದೊಡ್ಡದು.

2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತಂದಿದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. ಅವರ ಕಷ್ಟವೂ ಕಷ್ಟವೇ. ಆದರೆ ಆ ಭಾಗದ ಶೀಟಿನ ಶೆಡ್‌ಗಳಿಗೆ ನೀರು ನುಗ್ಗಿದಾಗ ಕ್ಯಾಮೆರಾ ಅಷ್ಟಾಗಿ ಹೋಗಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ನಮ್ಮ ಕಟ್ಟಡ ಕಟ್ಟುವವರು ಇಂಥ ಶೆಡ್‌ಗಳಲ್ಲಿ ಇರುತ್ತಾರೆ. ಅವರ ಹತ್ತಿರ ಬಾಡಿಗೆ ಕರಾರು ಇಲ್ಲ, ವಿಳಾಸದ ದಾಖಲೆ ಊರಿನದು. ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಹೇಗೆ ಬರಬೇಕು? ನಕ್ಷೆ ಮಾಡುವಾಗಲೇ ಬಾಡಿಗೆಯವರನ್ನೂ ಶೆಡ್‌ನವರನ್ನೂ ಹೆಸರು ಹಿಡಿದು ಬರೆದುಕೊಂಡರೆ, ನೀರು ಬಂದ ಮೇಲೆ ದಾಖಲೆ ಕೇಳುವ ಪ್ರಮೇಯವೇ ಬರುವುದಿಲ್ಲ.

ಇದನ್ನೆಲ್ಲ ಯಾರು ಮಾಡಬೇಕು ಅನ್ನುವ ಪ್ರಶ್ನೆಗೂ ಈಗ ಉತ್ತರ ಇದೆ. 2025ರಲ್ಲಿ ತಿದ್ದುಪಡಿಯಾದ ವಿಪತ್ತು ನಿರ್ವಹಣಾ ಕಾಯ್ದೆ, ರಾಜಧಾನಿಗಳಿಗೆ ಮತ್ತು ದೊಡ್ಡ ನಗರಗಳಿಗೆ ಪ್ರತ್ಯೇಕವಾಗಿ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸುವುದಕ್ಕೆ ಅವಕಾಶ ಕೊಟ್ಟಿದೆ. 2025ರ ಸೆಪ್ಟೆಂಬರ್‌ನಿಂದ ನಮ್ಮೂರು ಐದು ಪಾಲಿಕೆಗಳಾಗಿದೆ. ನನ್ನ ಆತಂಕ ಇರುವುದು ಇಲ್ಲೇ. ಮೇಲಿನ ಕೆರೆ ಒಂದು ಪಾಲಿಕೆಯಲ್ಲಿ, ಅದರ ನೀರು ಬಂದು ಬೀಳುವ ಬೀದಿ ಇನ್ನೊಂದರಲ್ಲಿ ಇರಬಹುದು. ಮೇಲೆ ಕೋಡಿ ಬಿದ್ದಿದ್ದು ಕೆಳಗಿನ ಪಾಲಿಕೆಗೆ ಮಾರನೇ ದಿನದ ಪೇಪರಿನಲ್ಲಿ ಗೊತ್ತಾಗಬಾರದು. ದಯವಿಟ್ಟು ಕಣಿವೆಯ ಲೆಕ್ಕದಲ್ಲಿ ಯೋಜನೆ ಮಾಡಿ, ಪಾಲಿಕೆಯ ಗಡಿಯ ಲೆಕ್ಕದಲ್ಲಿ ಬೇಡ. ಮುಖ್ಯ ಆಯುಕ್ತರು ಐದೂ ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಬೇಕು.

ಇದೇ ಪತ್ರದಲ್ಲಿ ವಿಧಾನಸೌಧಕ್ಕೂ ಒಂದು ಮಾತು. ಕಾರವಾರದಿಂದ ಮಂಗಳೂರಿನವರೆಗೆ ನಮಗೂ ಸುಮಾರು 320 ಕಿ.ಮೀ. ಕಡಲ ತೀರ ಇದೆ. 1945ರಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ತೀರದಲ್ಲಿ ಭೂಕಂಪವಾದಾಗ ಎದ್ದ ಅಲೆ ಮುಂಬೈವರೆಗೂ ಬಂದಿತ್ತು. ಅರಬ್ಬೀ ಸಮುದ್ರ ಸುಮ್ಮನಿದೆ ಅಂತ ನಾವೂ ಸುಮ್ಮನಿರುವ ಹಾಗಿಲ್ಲ. ನಮ್ಮ ಮೊಗವೀರರ, ಹರಿಕಂತ್ರರ, ಖಾರ್ವಿಗಳ ಊರುಗಳಿಗೂ ಆ 12 ಮಾನದಂಡಗಳ ಸಿದ್ಧತೆ ಬರಲಿ.

ನೆರೆಹೊರೆಯವರೇ, ನಿಮಗೂ ಎರಡು ಮಾತು. ಕಸದ ಚೀಲ ರಾಜಕಾಲುವೆಗೆ ಎಸೆಯುವುದನ್ನು ನಾವು ನಿಲ್ಲಿಸಲೇಬೇಕು. ಕಿಂಡಿ ಕಟ್ಟಿಕೊಂಡರೆ ಮೊದಲು ನೀರು ಬರುವುದು ನಮ್ಮ ಮನೆಗೇ. ಇನ್ನು ‘ನಕ್ಷೆ ಬರೆದುಕೊಂಡು ಹೋಗಿ ಆಮೇಲೆ ಮನೆ ಒಡೆಯುತ್ತಾರೆ’ ಅನ್ನುವ ನಿಮ್ಮ ಭಯ ನನಗೆ ಗೊತ್ತು. ಆಯುಕ್ತರೇ, ಈ ಭಯ ಇರುವವರೆಗೆ ಯಾರೂ ನಿಮಗೆ ಸರಿಯಾದ ಲೆಕ್ಕ ಕೊಡುವುದಿಲ್ಲ. ಮುನ್ನೆಚ್ಚರಿಕೆಗೆ ಅಂತ ಬರೆದುಕೊಂಡ ಹೆಸರನ್ನು ತೆರವಿನ ನೋಟಿಸಿಗೆ ಬಳಸುವುದಿಲ್ಲ ಅಂತ ಬರಹದಲ್ಲಿ ಕೊಡಿ.

ಮುಂದಿನ ಏಪ್ರಿಲ್ ಒಳಗೆ, ಮುಂಗಾರು ಪೂರ್ವ ಮಳೆ ಶುರುವಾಗುವ ಮೊದಲು, ಪ್ರತಿ ಪಾಲಿಕೆಯಲ್ಲಿ ಹತ್ತು ಬೀದಿಯಲ್ಲಾದರೂ ಇದನ್ನು ಮಾಡಿ ನೋಡಿ. ಒಂದು ಭಾನುವಾರ ಸೈರನ್ ಊದಿಸಿ, ಮಾಕ್ ಡ್ರಿಲ್ ಮಾಡಿಸಿ, ಎಷ್ಟು ನಿಮಿಷಕ್ಕೆ ಬೀದಿ ಖಾಲಿಯಾಯಿತು ಅಂತ ಬರೆದುಕೊಳ್ಳಿ. ಸೆಪ್ಟೆಂಬರ್‌ಗೆ ಮೊದಲು ಇನ್ನೊಮ್ಮೆ. ಎಲ್ಲಿ ಎಡವಿದೆವು ಅಂತ ಅವತ್ತೇ ಗೊತ್ತಾಗುತ್ತದೆ. ನಮ್ಮ ಬೀದಿಯ ಹೆಂಗಸರ ಜೊತೆ ನಾನು ಮಾತಾಡಿದ್ದೇನೆ, ಮೊದಲ ಹತ್ತರಲ್ಲಿ ಒಂದಾಗುವುದಕ್ಕೆ ಅವರು ಒಪ್ಪಿದ್ದಾರೆ. ನಕ್ಷೆ ಬರೆಯುವುದಕ್ಕೆ ದೊಡ್ಡ ಹಾಳೆ, ಸ್ಕೆಚ್ ಪೆನ್ ನಾನು ತರುತ್ತೇನೆ. ನಿಮ್ಮ ಕಡೆಯಿಂದ ಒಬ್ಬ ಎಂಜಿನಿಯರನ್ನು, ಒಬ್ಬ ಬೆಸ್ಕಾಂ ಲೈನ್‌ಮನ್ ಅವರನ್ನು ಕಳಿಸಿ. ಯಾವ ದಿನ ಅಂತ ತಿಳಿಸಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಬೆಂಗಳೂರು